ಟಿಕೆಟ್ಟಿಗೆ ಸೊನ್ನೆ, ಭಾನುವಾರಕ್ಕೆ?

ಪ್ರಶ್ನೆ: ನಮ್ಮೂರು ಶಹಾಪುರದ ಹತ್ತಿರದ ಹಳ್ಳಿ. ಕಲಬುರಗಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಮೂವರು ಗೆಳತಿಯರು ಸೇರಿ ರೂಮ್ ಮಾಡಿದ್ದೇವೆ. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ, ಕಾಲೇಜಿನ ನಾಟಕದಲ್ಲೂ ಇದ್ದೇನೆ. ಶನಿವಾರ ಬಂತೆಂದರೆ ಅವ್ವನ ಫೋನ್: "ಬಸ್ಸಿಗೇನು ರೊಕ್ಕ ಕೊಡಬೇಕೇನು? ಬಾ." ಹೋದರೆ ಓದು ಹಿಂದೆ ಬೀಳುತ್ತದೆ. ಎರಡು ಸಲ "ಸ್ಪೆಷಲ್ ಕ್ಲಾಸ್ ಅದ" ಎಂದು ಸುಳ್ಳು ಹೇಳಿ ಗೆಳತಿಯರ ಜೊತೆ ಇಲ್ಲಿನ 'ಅಪ್ಪನ ಕೆರೆ'ಗೆ ಹೋದೆ. ಖುಷಿಯೇನೋ ಆಯಿತು, ರಾತ್ರಿ ನಿದ್ದೆ ಬರಲಿಲ್ಲ. ನಾನು ಸ್ವಾರ್ಥಿಯೇ?

ಉತ್ತರ: ಇಲ್ಲವ್ವ. ಕೆರೆ ದಂಡೆಗೆ ಕೂತು ಚುರುಮುರಿ ತಿಂದದ್ದಕ್ಕೆಲ್ಲ ಅಷ್ಟು ದೊಡ್ಡ ಹೆಸರು ಬೇಡ. ನಿನ್ನ ನಿದ್ದೆ ಕೆಡಿಸಿದ್ದು ಆ ಸ್ಪೆಷಲ್ ಕ್ಲಾಸು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮನೆಯವರು ಮಗಳ ಬಸ್ ಚಾರ್ಜು ಲೆಕ್ಕ ಹಾಕುವುದನ್ನು ಬಿಟ್ಟರು. ಅದರಿಂದ ಎಷ್ಟೋ ಹುಡುಗಿಯರು ಕಾಲೇಜಿಗೆ ಬರುವಂತಾಯಿತು, ಆ ಮಾತು ಬೇರೆ. ಆದರೆ ಸೊನ್ನೆ ರೂಪಾಯಿ ಟಿಕೆಟ್ ಕಂಡು ಅವ್ವ ನಿನ್ನ ಹೊತ್ತಿಗೂ ಸೊನ್ನೆ ಬೆಲೆ ಅಂದುಕೊಂಡಿದ್ದಾಳೆ. ಶನಿವಾರ ಜೇವರ್ಗಿ ದಾಟಿ, ಶಹಾಪುರದಲ್ಲಿ ಹಳ್ಳಿ ಬಸ್ಸಿಗೆ ಕಾದು ಮನೆ ಸೇರಬೇಕು. ಭಾನುವಾರ ರೊಟ್ಟಿ, ಬಟ್ಟೆ, ಬಂದು ಹೋಗುವ ಬೀಗರು. ಸೋಮವಾರ ಮೊದಲ ಪೀರಿಯಡ್ ಹೋಯಿತೆಂದೇ ಲೆಕ್ಕ. ಹಾಜರಿ ಶೇ 75 ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಎಂಬುದು ಅವ್ವನಿಗೆ ಗೊತ್ತೇ? ನೀನು ಹೇಳಿರಲಿಕ್ಕಿಲ್ಲ.

ಹೇಳು, ಆದರೆ ಫೋನಿನಲ್ಲಿ ಬೇಡ. ಈ ಸಲ ಊರಿಗೆ ಹೋದಾಗ ಅಡಿಗೆಮನೆ ಗೋಡೆಯ ಕ್ಯಾಲೆಂಡರ್ ಇಳಿಸು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಎಲ್ಲ ಬರೆದಿಡುತ್ತಾರಲ್ಲ, ಅದೇ. ಅವ್ವನ ಎದುರಿಗೇ ತಿಂಗಳಿಗೆ ಎರಡು ಶನಿವಾರಕ್ಕೆ ಪೆನ್ನಿನಿಂದ ಗುಂಡು ಗುರುತು ಹಾಕು. ಎಳ್ಳ ಅಮಾವಾಸ್ಯೆಗೆ ಮೊದಲ ಗುಂಡು. ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುವ ದಿನ ಹೊಲದಲ್ಲಿ ಕೂತು ತಿನ್ನುವ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯೆಯನ್ನು ಯಾವ ನಾಟಕಕ್ಕೂ ಬಿಡಬೇಡ. ತೊಗರಿ ರಾಶಿ ಬಂದಾಗ ಕರೆದರೆ ಮರುಮಾತಿಲ್ಲದೆ ಹೋಗು. ಗುಂಡಿಲ್ಲದ ಶನಿವಾರ, ಭಾನುವಾರಗಳು ನಿನ್ನವು. ಅವುಗಳಲ್ಲೂ ಒಂದು ಭಾನುವಾರ ಏನೂ ಮಾಡದೆ ಮಲಗಿದರೆ ತಪ್ಪಿಲ್ಲ.

ಟ್ಯೂಷನ್, ನಾಟಕ ಎರಡರಲ್ಲಿ ಯಾವುದು ಬಿಡಬೇಕು? ಟ್ಯೂಷನ್ ರೊಕ್ಕ ರೂಮಿನ ಬಾಡಿಗೆಗೆ ಹೋಗುತ್ತಿದ್ದರೆ ಅದು ಇರಲಿ, ಈ ವರ್ಷ ನಾಟಕದಲ್ಲಿ ಸಣ್ಣ ಪಾತ್ರ ಕೇಳಿ ತಗೊ. ಬರೀ ಕೈಖರ್ಚಿಗಾದರೆ ಟ್ಯೂಷನ್ ಬಿಡು. ವೇದಿಕೆ ಹತ್ತುವ ವಯಸ್ಸು ಇದು.

ಹಳೆಯ ಎರಡು ಸುಳ್ಳನ್ನು ಈಗ ಒಪ್ಪಿಕೊಳ್ಳಲು ಕೂಡಬೇಡ, ಮೂರನೆಯದು ಹೇಳಬೇಡ. ಮುಂದಿನ ಸಲ ಕೆರೆಗೆ ಹೋದಾಗ ಅಲ್ಲಿಂದಲೇ ವಿಡಿಯೋ ಕಾಲ್ ಮಾಡು. ಮೊದಲ ದಿನ ಬೈಯುತ್ತಾಳೆ. ಮತ್ತೊಂದು ಸಲ, "ಕೆರಿಯಾಗ ನೀರು ಎಷ್ಟದ, ತೋರ್ಸು" ಅಂತಾಳೆ.