ತಂಗಳು ಎಂಬ ಮಾತು: ಶನಿವಾರ–ಭಾನುವಾರದ ಒಂದು ಪ್ರಕರಣ

ಇಬ್ಬರೂ ಕ್ರೈಸ್ತರು. ಗಂಡನ ಮನೆಯವರು ಭಾನುವಾರ ಆರಾಧನೆಗೆ ಹೋಗುವವರು. ಹೆಂಡತಿ ಹುಟ್ಟಿ ಬೆಳೆದದ್ದು ಶನಿವಾರವನ್ನು ಸಬ್ಬತ್, ಎಂದರೆ ಕೆಲಸ ಬಿಡುವ ವಿಶ್ರಾಂತಿಯ ದಿನವಾಗಿ, ಆಚರಿಸುವ ಸಭೆಯಲ್ಲಿ. ಬೆಂಗಳೂರಿನಲ್ಲಿ ಸಂಸಾರ, ಒಂದು ಮಗು, ಜೊತೆಗೆ ಆತನ ತಾಯಿ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ಇಂಥ ಜೋಡಿಗಳು ಆಪ್ತಸಲಹೆಗೆ ಮತ್ತೆ ಮತ್ತೆ ಬರುತ್ತಾರೆ. ಪ್ರತಿ ಸಲವೂ ಕೈಯಲ್ಲಿ ಬೈಬಲ್ ವಚನಗಳ ಪಟ್ಟಿ ಇರುತ್ತದೆ. ಜಗಳದ ಬೇರು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ.

ಮೂರನೆಯ ಭೇಟಿಗೆ ಇಬ್ಬರೂ ತಯಾರಾಗಿ ಬಂದರು. ಆತ ಅಪೊಸ್ತಲರ ಕೃತ್ಯಗಳು 20:7 ಓದಿದರು: ತ್ರೋವ ಪಟ್ಟಣದ ವಿಶ್ವಾಸಿಗಳು ವಾರದ ಮೊದಲನೆಯ ದಿನ ರೊಟ್ಟಿ ಮುರಿಯಲು ಸೇರಿದ್ದರು. ಆಕೆ ಅದೇ ಪುಸ್ತಕದ 13, 16, 17, 18ನೇ ಅಧ್ಯಾಯಗಳನ್ನು ಮುಂದಿಟ್ಟರು. ಪಿಸಿದ್ಯದ ಅಂತಿಯೋಕ್ಯ, ಫಿಲಿಪ್ಪಿಯ ಹೊಳೆದಂಡೆ, ಥೆಸಲೋನಿಕ, ಕೊರಿಂಥ, ಎಲ್ಲ ಕಡೆಯೂ ಅಪೊಸ್ತಲ ಪೌಲ ಹೋದದ್ದು ಸಬ್ಬತ್ ದಿನ. ಕೊನೆಗೆ ಆಕೆಯ ಬ್ರಹ್ಮಾಸ್ತ್ರ: "ಭಾನುವಾರ ತಂದಿದ್ದೇ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್. ಅದು ಸೂರ್ಯನ ಪೂಜೆ."

ಆಪ್ತಸಲಹೆಗಾರರು ದೇವಶಾಸ್ತ್ರಕ್ಕೆ ಕೈ ಹಾಕಬಾರದು ಎಂಬ ಆಕ್ಷೇಪ ಗೊತ್ತಿರುವುದೇ. ಆದರೆ ತಪ್ಪು ಇಸವಿ ಹಿಡಿದು ಇಬ್ಬರು ಹೊಡೆದಾಡುವಾಗ ಬಾಯಿ ಮುಚ್ಚಿ ಕೂತರೆ ಆ ತಪ್ಪಿಗೇ ಒತ್ತಾಸೆ ಕೊಟ್ಟಂತೆ. ಹಾಗಾಗಿ ಆ ಒಂದು ಭೇಟಿಯನ್ನು ಇಸವಿಗಳಿಗೇ ಬಿಟ್ಟುಕೊಟ್ಟೆ.

ಕಾನ್‌ಸ್ಟಂಟೈನನ ಕಾನೂನು ಬಂದದ್ದು ಕ್ರಿ.ಶ. 321ರ ಮಾರ್ಚ್ 7ರಂದು. ನ್ಯಾಯಾಧೀಶರು, ಪಟ್ಟಣದ ಜನ, ಕುಶಲಕರ್ಮಿಗಳು ಸೂರ್ಯನ ದಿನ ಬಿಡುವು ಮಾಡಬೇಕು. ಬಿತ್ತನೆಯ ಹದ ತಪ್ಪೀತೆಂದು ರೈತರಿಗೆ ವಿನಾಯಿತಿ. ಆದರೆ ಅದಕ್ಕೂ ಸುಮಾರು 165 ವರ್ಷ ಮೊದಲೇ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಭಾನುವಾರದ ಕೂಟ ಹೇಗೆ ನಡೆಯುತ್ತದೆಂದು ಬರೆದಿಟ್ಟಿದ್ದಾನೆ. ಹೊತ್ತು ಇರುವಷ್ಟು ಪಾರಾಯಣ, ಮುಖ್ಯಸ್ಥನ ಬೋಧನೆ, ಎಲ್ಲರೂ ಎದ್ದು ನಿಂತು ಪ್ರಾರ್ಥನೆ, ಆಮೇಲೆ ರೊಟ್ಟಿ, ನೀರು ಬೆರೆಸಿದ ದ್ರಾಕ್ಷಾರಸ. ಬಾರದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೆ ಒಯ್ಯುತ್ತಾರೆ. ಕಾಣಿಕೆಯ ಹಣ ಅನಾಥರಿಗೆ, ವಿಧವೆಯರಿಗೆ, ಸೆರೆಯಲ್ಲಿರುವವರಿಗೆ. ಇನ್ನು ಸೂರ್ಯನ ಮಾತು. ಭಾನುವಾರ ಎಂದವರೆಲ್ಲ ಭಾನುವಿನ ಭಕ್ತರಾದರೆ, ಶನಿವಾರ ಎಂದವರು ಯಾರ ಭಕ್ತರು? ಆಕೆ ನಕ್ಕರು. ಮೂರು ಭೇಟಿಗಳಲ್ಲಿ ಅದೇ ಮೊದಲ ನಗು.

ಗಂಡನಿಗೂ ಹೇಳಬೇಕಾದ್ದಿತ್ತು. ಸಬ್ಬತ್ತೇ ಭಾನುವಾರಕ್ಕೆ ಬದಲಾಯಿತೆಂದು ಆತ ನಂಬಿದ್ದರು. ಮೊದಲ ಶತಮಾನಗಳ ಭಾನುವಾರ ಸೇರುವ ದಿನವಾಗಿತ್ತು, ರಜೆಯ ದಿನವಾಗಿರಲಿಲ್ಲ. ಸುಮಾರು 112ರಲ್ಲಿ ರೋಮಿನ ಪ್ರಾಂತವಾದ ಬಿಥೂನ್ಯದ ಅಧಿಪತಿ ಪ್ಲಿನಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ ವಿಶ್ವಾಸಿಗಳು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರಿ ಹಾಡಿ, ಚದುರಿ, ಊಟಕ್ಕೆ ಮತ್ತೆ ಕೂಡುತ್ತಾರೆಂದು ಇದೆ. ದಿನದ ಹೆಸರಿಲ್ಲ. ಅವರಲ್ಲಿ ದಾಸಿಯರೂ ಇದ್ದರು. ಹೊತ್ತು ಹುಟ್ಟಿದರೆ ಅಂಥವರಿಗೆ ಯಜಮಾನರ ಮನೆಗೆಲಸ ಕಾದಿರುತ್ತಿತ್ತು.

ಇಷ್ಟು ಹೇಳಿದ ಮೇಲೆ ಜಸ್ಟಿನನದೇ ಇನ್ನೊಂದು ಕೃತಿ, ಯೆಹೂದ್ಯನಾದ ತ್ರೂಫೋನ ಜೊತೆಗಿನ ಸಂವಾದದ 47ನೇ ಭಾಗ ತೆಗೆದೆ. ತ್ರೂಫೋ ಕೇಳುತ್ತಾನೆ: ಕ್ರಿಸ್ತನನ್ನು ನಂಬಿಯೂ ಧರ್ಮಶಾಸ್ತ್ರವನ್ನು ಪಾಲಿಸುವವನಿಗೆ ರಕ್ಷಣೆ ಉಂಟೇ? ಉಂಟು, ಬೇರೆಯವರೂ ಹಾಗೇ ಪಾಲಿಸಬೇಕೆಂದು ಒತ್ತಾಯಿಸದಿದ್ದರೆ, ಎನ್ನುತ್ತಾನೆ ಜಸ್ಟಿನ್. ಅಂಥವರೊಂದಿಗೆ ಒಡನಾಡದ, ಅವರನ್ನು ಮನೆಗೆ ಸೇರಿಸದ ಕ್ರೈಸ್ತರೂ ಇದ್ದಾರೆ, ತಾನು ಮಾತ್ರ ಅವರ ಪಕ್ಷದವನಲ್ಲ ಎಂದೂ ಸೇರಿಸುತ್ತಾನೆ. ಸಬ್ಬತ್ ಪಾಲಿಸುವವರದು ದುರ್ಬಲ ಮನಸ್ಸು ಎಂದೂ ಅಲ್ಲೇ ಹೇಳಿದ್ದಾನೆ. ಆಕೆಯಿಂದ ಅದನ್ನು ಮುಚ್ಚಿಡಲಿಲ್ಲ.

ಆಕೆ ಅದಕ್ಕೆ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಶನಿವಾರದ ಅಡುಗೆ ನಾನು ಶುಕ್ರವಾರವೇ ಮಾಡಿಡ್ತೀನಿ. ಅತ್ತೆ ಅದನ್ನ ತಂಗಳು ಅಂತಾರೆ, ಮುಟ್ಟೋದಿಲ್ಲ. ಮಗುವಿಗೂ ಬೇಡ ಅಂತಾರೆ. ಇವರು ಕೇಳಿಸಿಕೊಂಡೂ ಸುಮ್ಮನೆ ಕೂತಿರ್ತಾರೆ" ಎಂದರು.

ಆತ, "ಅಮ್ಮ ಹಳೇ ಕಾಲದವರು" ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು.

ಎರಡು ತಿಂಗಳು ವಚನಗಳ ಹೆಸರಿನಲ್ಲಿ ನಡೆದದ್ದು ಇದು. ಯಾವ ದಿನ ಸರಿ ಎಂಬ ತೀರ್ಪು ಕೊಟ್ಟಿದ್ದರೂ ಆ ಪಾತ್ರೆ ಮುಚ್ಚಿದಂತೆಯೇ ಉಳಿಯುತ್ತಿತ್ತು.

ಕೊಟ್ಟ ಸಲಹೆ ಹೀಗಿತ್ತು. ಇಬ್ಬರೂ ತಮ್ಮ ತಮ್ಮ ದಿನ ಆಚರಿಸಲಿ. ಸಬ್ಬತ್ ಶುಕ್ರವಾರ ಸೂರ್ಯಾಸ್ತಕ್ಕೆ ಶುರು. ಬೆಂಗಳೂರಿನಲ್ಲಿ ಅದು ನವೆಂಬರ್‌ನಲ್ಲಿ ಸುಮಾರು 5:50, ಜುಲೈ ಆರಂಭದಲ್ಲಿ 6:50ರ ಹತ್ತಿರ. ಒಂದು ಗಂಟೆಯ ಈ ಅಂತರ ಲೆಕ್ಕಕ್ಕೆ ತೆಗೆದುಕೊಳ್ಳದೆ ವರ್ಷವಿಡೀ ಆರು ಗಂಟೆ ಎಂದು ಇಟ್ಟುಕೊಂಡರೆ ನವೆಂಬರ್ ತಿಂಗಳ ಪ್ರತಿ ಶುಕ್ರವಾರ ಒಲೆಯ ಮುಂದೆ ಜಗಳ. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮೊದಲೇ ಅಡುಗೆ ಮುಗಿಯಬೇಕು, ಅದಕ್ಕೆ ಗಂಡ ಬೇಗ ಬಂದು ಕೈಜೋಡಿಸಬೇಕು, ಶುಕ್ರವಾರ ಸಂಜೆ ನೆಂಟರನ್ನು ಕರೆಯಬಾರದು. ಆ ಅಡುಗೆಯನ್ನು ಶನಿವಾರ ಮಧ್ಯಾಹ್ನ ತಾಯಿಯ ಎದುರು ಮೊದಲು ಬಡಿಸಿಕೊಳ್ಳುವವರು ಗಂಡ. ತಾಯಿಗೆ ಉಪದೇಶ ಬೇಡ. ಮಗ ಉಣ್ಣುವುದನ್ನು ನೋಡಿದರೆ ಸಾಕು. ಮಗುವಿಗೆ ಶಾಲೆಯಲ್ಲಿ ಶನಿವಾರ ಪರೀಕ್ಷೆ ಬೀಳುವಂತಿದ್ದರೆ ಜೂನ್‌ನಲ್ಲೇ ಪತ್ರ ಕೊಡಬೇಕು, ಹಿಂದಿನ ರಾತ್ರಿ ಅಲ್ಲ. ಆಕೆ ಭಾನುವಾರವನ್ನು "ಮೃಗದ ಗುರುತು" (ಬೈಬಲಿನ ಪ್ರಕಟನೆ ಪುಸ್ತಕದಲ್ಲಿ ದೇವರ ವಿರೋಧಿಗಳ ಮೇಲಿನ ಗುರುತು) ಎನ್ನುವಂತಿಲ್ಲ, ಆತ ಶನಿವಾರವನ್ನು "ಯೆಹೂದ್ಯಾಚಾರ" ಎನ್ನುವಂತಿಲ್ಲ.

ಕೊನೆಯದು ಶನಿವಾರ ಸೂರ್ಯ ಮುಳುಗಿದ ಮೇಲಿನ ಊಟ. ಯೆಹೂದ್ಯರ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯಾಸ್ತಕ್ಕೆ: ಆಗ ಆಕೆಯ ಸಬ್ಬತ್ ಮುಗಿದಿರುತ್ತದೆ, ಆತನ ಮೊದಲನೆಯ ದಿನ ಆರಂಭವಾಗಿರುತ್ತದೆ. ತ್ರೋವದ ಮೇಲಂತಸ್ತಿನಲ್ಲಿ ಬಹಳ ದೀಪಗಳಿದ್ದವು, ಪೌಲ ಮಧ್ಯರಾತ್ರಿಯ ತನಕ ಮಾತಾಡಿದ, ತೂಕಡಿಸಿದ ಯೂತಿಖ ಕಿಟಕಿಯಿಂದ ಬಿದ್ದ. ಅದು ಶನಿವಾರ ರಾತ್ರಿಯೇ ಎಂದು ಹಲವು ವಿದ್ವಾಂಸರು, ಭಾನುವಾರ ರಾತ್ರಿ ಎಂದು ಇನ್ನು ಕೆಲವರು. ನಮಗೆ ಬೇಕಾದದ್ದು ಆ ಹೊತ್ತು ಮಾತ್ರ. ಅಂದು ಒಲೆ ಹಚ್ಚುವವರು ಗಂಡ, ಬಿಸಿ ಅಡುಗೆ, ಮೂವರು ದೊಡ್ಡವರೂ ಮಗುವೂ ಒಂದೇ ಪಂಕ್ತಿ. ಇದನ್ನು ಆರಾಧನೆ ಎಂದು ಕರೆಯಬಾರದು. ಕರೆದ ಕೂಡಲೇ ಯಾರ ಆರಾಧನೆ ಎಂಬ ಪ್ರಶ್ನೆ ಏಳುತ್ತದೆ.

ಎರಡೂ ಕಡೆಯ ಸಭಾಪಾಲಕರಿಗೆ ಇದು ಹಿಡಿಸಲಿಲ್ಲ. ಎರಡು ದೋಣಿಯಲ್ಲಿ ಕಾಲಿಡಿಸಿದಂತಾಯಿತು ಎಂದರು. ರೋಮಾಪುರದವರಿಗೆ 14:5ರಲ್ಲಿ ಪೌಲ ದಿನಗಳ ವಿಷಯವನ್ನು ಅವರವರ ಮನಸ್ಸಿನ ನಿಶ್ಚಯಕ್ಕೆ ಬಿಟ್ಟಿದ್ದಾನೆ. ಅಲ್ಲಿ ಹೇಳಿರುವುದು ಉಪವಾಸದ ದಿನಗಳ ಮಾತು ಎನ್ನುವವರಿದ್ದಾರೆ. ಆ ವಾದ ನನಗೆ ಸಾಲದು. ಎರಡು ದಿನ ಇಟ್ಟುಕೊಳ್ಳುವುದು ಹೊಸದೂ ಅಲ್ಲ. ನಾಲ್ಕನೆಯ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದ ಬಿಷಪರ ಸಭೆ ತನ್ನ 29ನೇ ನಿಯಮದಲ್ಲಿ ಸಬ್ಬತ್ ದಿನ ಕೆಲಸ ಬಿಟ್ಟು ಕೂರಬೇಡಿ ಎಂದು ಕ್ರೈಸ್ತರನ್ನು ಗದರಿಸಿತು. ಕೂರುವವರೇ ಇಲ್ಲದಿದ್ದರೆ ಗದರಿಕೆ ಏಕೆ? ಅದೇ ಸಭೆಯ 16ನೇ ನಿಯಮ ಸಬ್ಬತ್ ದಿನ ಸುವಾರ್ತೆ ಓದಬೇಕೆನ್ನುತ್ತದೆ. ಇಥಿಯೋಪಿಯದ ಸಭೆಯಂತೂ 1450ರಲ್ಲಿ ಎರಡೂ ದಿನಗಳನ್ನು ಒಪ್ಪಿಕೊಂಡಿತು.

ಶನಿವಾರ ರಾತ್ರಿಯ ಊಟ ನಡೆಯುತ್ತಿದೆ. ಅತ್ತೆ ಮಧ್ಯಾಹ್ನದ ಪಾತ್ರೆಯನ್ನು ಇನ್ನೂ ಮುಟ್ಟಿಲ್ಲ, ಮಗುವಿಗೆ ಬೇಡ ಎನ್ನುವುದನ್ನು ಬಿಟ್ಟಿದ್ದಾರೆ. ಮಗುವಿನ ದೀಕ್ಷಾಸ್ನಾನ ಈಗಲೇ ಆಗಬೇಕೆಂದು ಆತನ ಕಡೆಯವರು, ದೊಡ್ಡದಾಗಿ ತಾನೇ ಕೇಳಿದ ಮೇಲೆ ಎಂದು ಆಕೆ. ಮುಂದಿನ ಭೇಟಿಗೆ ಅದನ್ನೇ ತರುತ್ತೇವೆಂದು ಹೋಗಿದ್ದಾರೆ.