ಮೊದಲ ಆಟದಲ್ಲಿ ಸ್ಟ್ರೈಕ್, ಮೂರನೇ ಆಟದಲ್ಲಿ ಚೆಂಡು ಎಡಕ್ಕೆ: ಯಾಕೆ?

ಪ್ರಶ್ನೆ: ನಾನು ಟೆನ್‌ಪಿನ್ ಬೌಲಿಂಗ್‌ನಲ್ಲಿ (ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಬಲಗೈ ಬೌಲರ್. ಈಚೆಗೆ ದುಬಾರಿ ರಿಯಾಕ್ಟಿವ್ ಚೆಂಡು (ಹೆಚ್ಚು ತಿರುಗುವ ಬಗೆಯದು) ಕೊಂಡೆ. ಮೊದಲ ಆಟದಲ್ಲಿ ಸರಿಯಾಗಿ ಪಾಕೆಟ್‌ಗೆ, ಅಂದರೆ ಎಲ್ಲಕ್ಕಿಂತ ಮುಂದಿರುವ ಹೆಡ್ ಪಿನ್ ಮತ್ತು ಅದರ ಬಲಗಡೆಯ ಪಿನ್ ನಡುವಿನ ಸಂದಿಗೆ ಹೋಗುತ್ತದೆ, ಹತ್ತೂ ಪಿನ್ ಒಮ್ಮೆಗೇ ಬಿದ್ದು ಸ್ಟ್ರೈಕ್ ಆಗುತ್ತದೆ. ಮೂರನೇ ಆಟದ ಹೊತ್ತಿಗೆ ಅದೇ ಎಸೆತ ಹೆಡ್ ಪಿನ್‌ನ ಎಡಕ್ಕೆ ಸರಿಯುತ್ತದೆ. ಎಣ್ಣೆ ಉದ್ದಕ್ಕೆ ಹಾಕಿದ ಲೇನ್‌ನಲ್ಲಂತೂ (ಚೆಂಡು ಉರುಳುವ ದಾರಿ) ತಿರುಗುವುದೇ ಇಲ್ಲ. ತಪ್ಪು ನನ್ನದಾ, ಚೆಂಡಿನದಾ?

ಉತ್ತರ: ನೀವು ಹೇಳುವುದನ್ನು ನೋಡಿದರೆ ಎರಡೂ ಅಲ್ಲ. ಲೇನ್ ಬದಲಾಗುತ್ತಿದೆ, ನೀವು ಮಾತ್ರ ನಿಂತಲ್ಲೇ ನಿಂತಿದ್ದೀರಿ.

ಫೌಲ್ ಲೈನ್‌ನಿಂದ (ಎಸೆಯುವಾಗ ದಾಟಬಾರದ ಗೆರೆ) ಹೆಡ್ ಪಿನ್‌ಗೆ 60 ಅಡಿ. ಸಾಮಾನ್ಯ ಪ್ಯಾಟರ್ನ್‌ನಲ್ಲಿ (ಲೇನ್‌ಗೆ ಎಣ್ಣೆ ಹಚ್ಚುವ ವಿನ್ಯಾಸ) ಎಣ್ಣೆ ಇರುವುದು ಮೊದಲ 40 ಅಡಿಯ ಆಸುಪಾಸಿನವರೆಗೆ, ಅದರಾಚೆ ಒಣ. ಎಣ್ಣೆಯ ಮೇಲೆ ಚೆಂಡು ಜಾರುತ್ತದೆ, ಒಣ ಜಾಗ ಸಿಕ್ಕಾಗ ಹಿಡಿತ ಸಿಕ್ಕಿ ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಎಷ್ಟೇ ದುಬಾರಿ ಚೆಂಡಾದರೂ ಎಣ್ಣೆ ಪೂರ್ತಿ ಇದ್ದಲ್ಲಿ ಹೆಚ್ಚು ತಿರುಗಲಾರದು.

ರಿಯಾಕ್ಟಿವ್ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವು ಎಣ್ಣೆ ಹೀರುತ್ತವೆ. ಚೆಂಡು ವಾಪಸ್ ಬಂದಾಗ ಒರೆಸುವ ಮುಂಚೆ ಒಮ್ಮೆ ನೋಡಿ. ಮೈಮೇಲೆ ಬಳೆಗಳ ಹಾಗೆ ಎಣ್ಣೆಯ ಗೆರೆಗಳು ಕಾಣುತ್ತವೆ. ಅಷ್ಟು ಎಣ್ಣೆ ಈಗ ಲೇನ್ ಮೇಲಿಲ್ಲ, ನಿಮ್ಮ ಟವೆಲ್‌ನಲ್ಲಿದೆ! ಎಲ್ಲರೂ ಒಂದೇ ದಾರಿಯಲ್ಲಿ ಎಸೆಯುತ್ತಾ ಹೋದರೆ ಆ ದಾರಿ ಬೇಗ ಒಣಗುತ್ತದೆ, ಚೆಂಡು ಮೊದಲಿಗಿಂತ ಮುಂಚೆಯೇ ತಿರುಗುತ್ತದೆ. ಮದ್ದು ಸುಲಭ: ಕಾಲು ಎರಡು ಬೋರ್ಡ್ (ಲೇನ್‌ನ ಉದ್ದಕ್ಕೂ ಇರುವ ಹಲಗೆಪಟ್ಟಿ) ಎಡಕ್ಕೆ, ಗುರಿ ಒಂದು ಬೋರ್ಡ್ ಎಡಕ್ಕೆ. ಸಾಲದಿದ್ದರೆ ಇನ್ನೊಮ್ಮೆ ಅಷ್ಟೇ. ಹೆಚ್ಚಿನವರು ಇಲ್ಲಿ ಕಾಲು ಸರಿಸುವ ಬದಲು ಜೋರಾಗಿ ಎಸೆಯಲು ಹೋಗಿ ಎಸೆತವನ್ನೇ ಕೆಡಿಸಿಕೊಳ್ಳುತ್ತಾರೆ.

ಉದ್ದದ ಪ್ಯಾಟರ್ನ್‌ನಲ್ಲಿ ಲೆಕ್ಕ ಬೇರೆ. ಎಣ್ಣೆ 44 ಅಡಿಯವರೆಗೆ ಇದ್ದರೆ ತಿರುಗಲು ಉಳಿಯುವುದು 16 ಅಡಿ. ಅಂಥ ಕಡೆ ಚೆಂಡನ್ನು ಬಲಗಡೆ ದೂರ ಕಳಿಸಿದರೆ ವಾಪಸ್ ಬರಲು ಜಾಗವೇ ಇಲ್ಲ. ಎಣ್ಣೆಯ ಉದ್ದದಲ್ಲಿ 31 ಕಳೆಯಿರಿ, ಬಂದ ಸಂಖ್ಯೆಯ ಬೋರ್ಡ್ ಹತ್ತಿರ ಚೆಂಡು ತಿರುವು ತೆಗೆದುಕೊಳ್ಳಬೇಕು. 44 ಅಡಿಗೆ 13ನೇ ಬೋರ್ಡ್, 35 ಅಡಿಗೆ 4ನೇ ಬೋರ್ಡ್. ಬೋರ್ಡ್‌ಗಳನ್ನು ನಿಮ್ಮ ಬಲಗಡೆ ಗಟರ್‌ನಿಂದ (ಲೇನ್ ಅಂಚಿನ ಕಾಲುವೆ) ಎಣಿಸಬೇಕು. ಇದು ಅಂದಾಜಿನ ಸೂತ್ರ ಅಷ್ಟೇ, ಆದರೆ ಶುರುಮಾಡಲು ಒಳ್ಳೆಯದು.

ಜೊತೆಗೆ ಚೆಂಡಿನ ಮೈಯನ್ನೂ ನೋಡಿ. 1000 ಅಥವಾ 2000 ಗ್ರಿಟ್‌ನ (ಒರಟುತನದ ಅಳತೆ) ಉಜ್ಜುವ ಪ್ಯಾಡ್‌ನಿಂದ ತಿಕ್ಕಿದ ಮಂಕು ಮೈ ಎಣ್ಣೆಯಲ್ಲೂ ಒಂದಿಷ್ಟು ಹಿಡಿಯುತ್ತದೆ. ಪಾಲಿಶ್ ಮಾಡಿದ ಹೊಳೆಯುವ ಮೈ ಮುಂದೆ ಜಾರಿಕೊಂಡು ಹೋಗುತ್ತದೆ, ಒಣ ಲೇನ್‌ಗೆ ಅದು ಸರಿ. ಇನ್ನೊಂದು ಚೆಂಡಿಗೆ ದುಡ್ಡು ಹಾಕುವ ಮುಂಚೆ ಒಂದು ಪ್ಯಾಡ್ ತಂದು ನೋಡಿ ಅಂತಲೇ ನಾನು ಹೇಳುವುದು. ತಿಕ್ಕುವುದನ್ನು ಆಟಕ್ಕೆ ಮುಂಚೆಯೇ ಮುಗಿಸಿ. ಅಧಿಕೃತ ಸ್ಪರ್ಧೆ ನಡೆಯುವಾಗ ಹಾಗೆ ಮಾಡುವಂತಿಲ್ಲ.

ಪ್ರಶ್ನೆ: ಪಾಕೆಟ್‌ಗೆ ಸರಿಯಾಗಿ ಬಿದ್ದರೂ 10ನೇ ಪಿನ್ (ಹಿಂದಿನ ಸಾಲಿನ ಬಲ ತುದಿಯದು) ನಿಂತೇ ಇರುತ್ತದೆ. ದುರದೃಷ್ಟವಾ?

ಉತ್ತರ: ಕೆಲವೊಮ್ಮೆ ಹೌದು. ಮುಂದಿನ ಸಲ 10ನೇ ಪಿನ್‌ನ ಮುಂದಿನ ಸಾಲಿನಲ್ಲಿರುವ 6ನೇ ಪಿನ್ ಎಲ್ಲಿ ಹೋಯಿತು ಅಂತ ನೋಡಿ. ಅದು ಹಾರಿ 10ನೇ ಪಿನ್‌ನ ಕುತ್ತಿಗೆ ಸುತ್ತಿಕೊಂಡು ಹೋದರೆ ಚೆಂಡಿನಲ್ಲಿ ಕಸುವಿದೆ, ಕೂದಲೆಳೆಯಷ್ಟು ತಪ್ಪಿದೆ. ಸುಮ್ನೆ ಗಟರ್‌ನಲ್ಲಿ ಮಲಗಿದ್ದರೆ ಚೆಂಡು ಸೋತು ಬಂದು ಹೊಡೆದಿದೆ. ಒಣ ಲೇನ್‌ನಲ್ಲಿ ಇದು ಜಾಸ್ತಿ. ಚೆಂಡು ಬೇಗ ತಿರುಗಿ, ಪಿನ್ ಮುಟ್ಟುವ ಮೊದಲೇ ಶಕ್ತಿ ಕಳೆದುಕೊಂಡಿರುತ್ತದೆ. ಎಡಕ್ಕೆ ಸರಿಯಿರಿ, ಇಲ್ಲವೇ ಹೊಳಪಿನ ಚೆಂಡು ತೆಗೆಯಿರಿ. ತಿರುಗುವುದೇ ತಡವಾಗಿದ್ದರೆ ಇದಕ್ಕೆ ಉಲ್ಟಾ ಮಾಡಿ.

ಉಳಿದ ಆ 10ನೇ ಪಿನ್‌ಗೆ ಪ್ಲಾಸ್ಟಿಕ್ ಚೆಂಡೇ ಬಳಸಿ. ಅದು ಎಣ್ಣೆಗೆ ಹೆಚ್ಚು ತಲೆಕೆಡಿಸಿಕೊಳ್ಳದೆ ಹೆಚ್ಚುಕಮ್ಮಿ ನೇರ ಹೋಗುತ್ತದೆ.