ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆ) ಅಂತ ಗೊತ್ತಾಗಿ ಮೂರು ತಿಂಗಳು, ಮನೆಯಲ್ಲಿ ಯಾರಿಗೂ ಅರ್ಥವಾಗ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ?

‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ’ ಅಂತಾರೆ ಎಂದು ಬರೆದಿದ್ದೀರಿ. ಆ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಮಾತು.

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್. ಆಗ ನನಗೆ 29. ಒಂದು ಸಂಜೆ ಉತ್ತರ ಪತ್ರಿಕೆ ತಿದ್ದುವಾಗ ಪೆನ್ನಿನ ಕೆಂಪು ಮಂಕಾಗಿ ಕಂಡಿತು. ಪೆನ್ನು ಬದಲಿಸಿದೆ, ಅದೂ ಹಾಗೇ. ಎಡಗಣ್ಣು ಮುಚ್ಚಿದರೆ ಇಟ್ಟಿಗೆ ಪುಡಿಯ ಬಣ್ಣ, ಬಲಗಣ್ಣು ಮುಚ್ಚಿದರೆ ಸರಿಯಾದ ಕೆಂಪು. ಕಣ್ಣು ಹೊರಳಿಸಿದರೆ ನೋವು. ವಾರದೊಳಗೆ ಬಲಗಣ್ಣಿಗೆ ಹೊಗೆ ಕವಿದ ಹಾಗಾಯಿತು. ಎಂಆರ್‌ಐ ಆಯಿತು, ಬೆನ್ನಿನಿಂದ ನೀರು ತೆಗೆದರು, ಕೊನೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರು. ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ತಿಂಗಳೊಳಗೆ ದೃಷ್ಟಿ ವಾಪಸ್ ಬಂತು.

ಆಮೇಲೆ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು.

ವಾರಕ್ಕೊಮ್ಮೆ ತೊಡೆಗೆ ಚುಚ್ಚಿಕೊಳ್ಳಲು ಇಂಟರ್‌ಫೆರಾನ್ ಇಂಜೆಕ್ಷನ್ ಕೊಟ್ಟಿದ್ದರು. ಫ್ರಿಜ್‌ನಲ್ಲಿ ಇಡಬೇಕು. ಶನಿವಾರ ರಾತ್ರಿ ತೆಗೆದುಕೊಂಡರೆ ಭಾನುವಾರ ಪೂರ್ತಿ ಜ್ವರ, ಮೈಕೈ ನೋವು. ಖರ್ಚೂ ಜಾಸ್ತಿ. ಆಗ ನಾನು ನಿಮ್ಮ ಹಾಗೇ ನನ್ನನ್ನು ಅರ್ಥ ಮಾಡಿಕೊಳ್ಳುವವರನ್ನು ಹುಡುಕುತ್ತಿದ್ದೆ. ಸಿಕ್ಕರು ಕೂಡ. ಪಕ್ಕದ ಮನೆಯವರು ‘ನರದ ವೀಕ್‌ನೆಸ್ ಅಷ್ಟೇ ಕಣಮ್ಮ, ಎಣ್ಣೆ ಹಚ್ಚಿಕೋ’ ಅಂದರು. ಅತ್ತೆ ‘ಪಾಪ, ಆ ಸೂಜಿಯಿಂದಲೇ ಸೊರಗಿದ್ದಾಳೆ’ ಅಂದರು. ಎಷ್ಟು ಹಾಯೆನಿಸಿತು ಅಂದರೆ, ನಾಲ್ಕನೇ ತಿಂಗಳು ಇಂಜೆಕ್ಷನ್ ನಿಲ್ಲಿಸಿಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಅಲ್ಲಿಗೆ ಹೋಗುವುದನ್ನೇ ಬಿಟ್ಟೆ.

ಡ್ರಿಪ್ಪಿನಿಂದ ಕಾಯಿಲೆ ವಾಸಿಯಾಯಿತು ಅಂದುಕೊಂಡಿದ್ದೆ. ಎಂಎಸ್‌ನಲ್ಲಿ ನಮ್ಮ ದೇಹದ ರಕ್ಷಣಾ ಪಡೆಯೇ ನರದ ಮೇಲಿನ ಹೊದಿಕೆಯನ್ನು ಕಿತ್ತುಹಾಕುತ್ತದೆ. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ. ಸ್ಟೀರಾಯ್ಡ್ ಆ ಹೊತ್ತಿನ ಉರಿಯೂತವನ್ನು ಇಳಿಸುತ್ತದೆ, ಅಷ್ಟೇ. ಮುಂದಿನ ದಾಳಿಗಳನ್ನು ಕಡಿಮೆ ಮಾಡಲು ಕೊಟ್ಟಿದ್ದು ಆ ಇಂಜೆಕ್ಷನ್. ಅದು ಕೆಲಸ ಮಾಡುವಾಗ ನಮಗೆ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವುದು ಜ್ವರ ಮಾತ್ರ. ಹಾಗಾಗಿ ಔಷಧವೇ ಕಾಯಿಲೆಯಂತೆ ಕಂಡಿತು.

ಹದಿನಾಲ್ಕು ತಿಂಗಳು ಕಳೆಯಿತು. ಒಂದು ದಿನ ಶಾಲೆಯ ಗೇಟಿನ ಹತ್ತಿರ ಹುಡುಗಿಯೊಬ್ಬಳು ಓಡಿ ಬಂದು ‘ಮಿಸ್, ನಿಮ್ಮ ಚಪ್ಪಲಿ’ ಅಂದಳು. ಎಡಗಾಲಿನ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಜಾರಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಎರಡನೇ ಸಲದ ಡ್ರಿಪ್ಪಿನಿಂದ ಕಾಲು ಪೂರ್ತಿ ವಾಪಸ್ ಬರಲಿಲ್ಲ. ಇವತ್ತಿಗೂ ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು. ಹೊಸ ಎಂಆರ್‌ಐನಲ್ಲಿ ಇನ್ನೂ ಹಲವು ಕಲೆಗಳಿದ್ದವು, ಅಂದರೆ ನರದ ಹೊದಿಕೆ ಹಾಳಾದ ಜಾಗಗಳು. ಯಾವ ಲಕ್ಷಣವೂ ತೋರಿಸದೆ ಆಗಿದ್ದವು ಅವು.

ಡಾಕ್ಟರು ಬೈಯಲಿಲ್ಲ. ‘ಜ್ವರ ಬರುತ್ತದೆ ಅಂತ ಹೇಳಿದ್ದರೆ ಇಂಜೆಕ್ಷನ್‌ಗೆ ಮೊದಲು ಪ್ಯಾರಾಸಿಟಮಾಲ್ ಕೊಡಬಹುದಿತ್ತು, ಔಷಧಿಯನ್ನೇ ಬದಲಿಸಬಹುದಿತ್ತು’ ಅಂದರು. ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಈಗ ದಿನಕ್ಕೆರಡು ಕ್ಯಾಪ್ಸೂಲ್ ನುಂಗುತ್ತೇನೆ, ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮನೆಯವರು ಅರ್ಥ ಮಾಡಿಕೊಳ್ಳಲಿ ಅಂತ ಕಾಯಬೇಡಿ. ಈ ಸುಸ್ತನ್ನು ಅನುಭವಿಸದವರಿಗೆ ಅದು ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವರಿಗೆ ಒಂದು ಕೆಲಸ ಕೊಡಿ. ನಮ್ಮತ್ತೆಗೆ ಕಾಯಿಲೆಯ ಹೆಸರು ಇವತ್ತಿಗೂ ಬಾಯಿಗೆ ಬರುವುದಿಲ್ಲ. ಆದರೆ ಏಪ್ರಿಲ್ ಬಂತೆಂದರೆ ಮಧ್ಯಾಹ್ನ ನಾನು ಬರುವ ಹೊತ್ತಿಗೆ ಒದ್ದೆ ಟವೆಲ್ ಸಿದ್ಧ ಇಟ್ಟಿರುತ್ತಾರೆ. ಸೆಖೆಗೆ ನನ್ನ ಕಣ್ಣು ಮಂಜಾಗುತ್ತದೆ ಅನ್ನುವುದು ಅವರಿಗೆ ಗೊತ್ತು. ನನಗೆ ಅಷ್ಟು ಸಾಕು.

ಕಾಯಿಲೆಯ ಮಾತಾಡಲು ಅದೇ ಕಾಯಿಲೆಯವರು ಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ ಅಂತ ಇದೆ, 1985ರಲ್ಲಿ ಶುರುವಾಗಿದ್ದು, ಬೆಂಗಳೂರಿನಲ್ಲೂ ಶಾಖೆ ಇದೆ. ಹದಿನೆಂಟು ವರ್ಷದಿಂದ ಎಂಎಸ್ ಇರುವ ಅಕ್ಕ ಒಬ್ಬರು ನನಗೆ ನೋಟ್‌ಬುಕ್ ಇಡುವುದನ್ನು ಕಲಿಸಿದರು. ಏನಾಯಿತು, ಯಾವತ್ತು, ಎಷ್ಟು ಹೊತ್ತು ಇತ್ತು. ಬಿಸಿಲಿಗೋ ಜ್ವರಕ್ಕೋ ಹಳೇ ತೊಂದರೆ ಮರುಕಳಿಸಿದರೆ ಮೈ ತಂಪಾದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಜ್ವರ, ಸೋಂಕು ಯಾವುದೂ ಇಲ್ಲದೆ ಹೊಸ ತೊಂದರೆ 24 ಗಂಟೆ ದಾಟಿದರೆ ಡಾಕ್ಟರಿಗೆ ಹೇಳಲೇಬೇಕು. ಆ ಅಕ್ಕ ಇದನ್ನು ಹೇಳುವವರೆಗೆ ನಾನು ಪ್ರತಿ ಜುಮ್ಮಿಗೂ ಅಳುತ್ತಿದ್ದೆ. ಹಾಂ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ. ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬಗ್ಗೆ ಈಗಲೇ ವಿಚಾರಿಸಿ, ನಾಚಿಕೊಳ್ಳಬೇಡಿ.

ಆದರೆ ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸುಸ್ತು, ಒಂಟಿತನ, ಗಂಡ, ತವರು ಎಲ್ಲ ಇದೆ. ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಅಂತ ಎಲ್ಲೂ ಬರೆದಿಲ್ಲ. ಶುರುವೇ ಮಾಡಿಲ್ಲವಾ, ಅಥವಾ ನಿಲ್ಲಿಸಿದ್ದೀರಾ? ನಿಲ್ಲಿಸಿದ್ದರೆ ನಾಳೆ ಬೆಳಿಗ್ಗೆ ನಿಮ್ಮ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ, ಯಾಕೆ ನಿಲ್ಲಿಸಿದಿರಿ ಅನ್ನುವುದನ್ನೂ ಹೇಳಿ. ಆಮೇಲೆ ಇಲ್ಲಿ ಬರೆಯಿರಿ, ನಾನು ನೋಡುತ್ತಿರುತ್ತೇನೆ.